ವೆಬ್‌ಸೈಟ್ ಫೈಲ್‌ಗಳು ಸರ್ವರ್‌ನಲ್ಲಿ ಎಲ್ಲಿವೆ? ಪತ್ತೆ ಹಚ್ಚುವುದು ಹೀಗೆ

ಚಿಕ್ಕಪೇಟೆಯ ಸೀರೆ ಅಂಗಡಿಯೊಂದರ ವೆಬ್‌ಸೈಟ್ ಅಂದುಕೊಳ್ಳಿ. ವರಮಹಾಲಕ್ಷ್ಮಿ ಹಬ್ಬಕ್ಕೆ ಹೊಸ ದರಪಟ್ಟಿ ಅಪ್‌ಲೋಡ್ ಮಾಡಿದ್ದೀರಿ. ಬ್ರೌಸರ್ ಹಳೆಯದನ್ನೇ ತೋರಿಸುತ್ತಿದೆ. ಸೈಟ್ ಕಟ್ಟಿಕೊಟ್ಟವರು ಬೇರೆ ಕಡೆ ಕೆಲಸಕ್ಕೆ ಸೇರಿದ್ದಾರೆ, ಏನು ಎಲ್ಲಿದೆ ಎಂದು ಬರೆದಿಟ್ಟಿಲ್ಲ. ಆಗ ಊಹೆಯ ಮೇಲೆ ಸಿಕ್ಕಸಿಕ್ಕ ಫೋಲ್ಡರಿಗೆ ಫೈಲ್ ತುಂಬಬೇಡಿ. ಪುಟ ಎಲ್ಲಿಂದ ಬರುತ್ತಿದೆ ಎಂಬುದನ್ನು ಸರ್ವರ್‌ನಿಂದಲೇ ತಿಳಿಯಬಹುದು.

ಮೊದಲು, ನೀವು ಲಾಗಿನ್ ಆಗಿರುವುದು ಸೈಟ್ ಇರುವ ಯಂತ್ರಕ್ಕೇನಾ ನೋಡಿ. ಇಲ್ಲಿನ ಕಮಾಂಡ್‌ಗಳನ್ನೆಲ್ಲ ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಕೊಡಬೇಕು; ದೊಡ್ಡಕ್ಷರ ಎಂದು ಹೇಳಿರದ ಕಡೆ ಸಣ್ಣಕ್ಷರ. ‘ಡಿಗ್’ ಕಮಾಂಡಿನ ಮುಂದೆ ಡೊಮೇನ್ ಹೆಸರು (ಸೈಟ್‌ನ ವಿಳಾಸ) ಕೊಟ್ಟರೆ ಐಪಿ ವಿಳಾಸ, ಅಂದರೆ ಅಂತರಜಾಲದಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ, ಸಿಗುತ್ತದೆ. ನೀವು ಲಾಗಿನ್ ಆಗಿರುವ ಯಂತ್ರದ ಪಬ್ಲಿಕ್ ಐಪಿಯೊಂದಿಗೆ ಅದು ತಾಳೆಯಾಗಬೇಕು. ಹೋಸ್ಟಿಂಗ್ ಬದಲಿಸಿದ ಮೇಲೂ ಡಿಎನ್‌ಎಸ್ (ಡೊಮೇನ್ ಹೆಸರಿಗೆ ಐಪಿ ಹೇಳುವ ವ್ಯವಸ್ಥೆ) ಹಳೆಯ ಸರ್ವರ್‌ಗೇ ಕಳಿಸುತ್ತಿರಬಹುದು. ಸರ್ವರ್‌ಗೂ ಗ್ರಾಹಕರಿಗೂ ನಡುವೆ ನಿಂತು ಪುಟ ತಲುಪಿಸುವ ಕ್ಲೌಡ್‌ಫ್ಲೇರ್‌ನಂಥ ಸೇವೆಯಿದ್ದರೆ ಕಾಣುವುದು ಅದರ ಐಪಿ. ಆಗ ಅಲ್ಲಿನ ಡ್ಯಾಶ್‌ಬೋರ್ಡ್‌ನಲ್ಲಿ ಎ ರೆಕಾರ್ಡ್ (ಡೊಮೇನ್ ಯಾವ ಐಪಿಗೆ ಎಂಬ ನಮೂದು) ಪರೀಕ್ಷಿಸಿ, ಕ್ಯಾಶ್ (ಉಳಿಸಿಟ್ಟ ಹಳೆಯ ಪ್ರತಿ) ಖಾಲಿ ಮಾಡಿ.

ಮುಂದೆ, ವೆಬ್ ಕೋರಿಕೆಗಳು ಬರುವ 80 (ಎಚ್‌ಟಿಟಿಪಿ) ಮತ್ತು 443ನೇ (ಎಚ್‌ಟಿಟಿಪಿಎಸ್) ಪೋರ್ಟ್‌ಗಳಲ್ಲಿ ಕೂತಿರುವುದು ಯಾವ ಪ್ರೋಗ್ರಾಂ? ‘ಸುಡೊ ಎಸ್‌ಎಸ್ -ಟಿಎಲ್‌ಎನ್‌ಪಿ’ ಹೇಳುತ್ತದೆ. ಅಲ್ಲಿ ಡಾಕರ್ ಪ್ರಾಕ್ಸಿಯ ಹೆಸರು ಕಂಡರೆ ಸೈಟ್ ಓಡುತ್ತಿರುವುದು ಕಂಟೇನರ್ ಎಂಬ ಪ್ರತ್ಯೇಕ ಆವರಣದೊಳಗೆ; ಹೊರಗಿನ ಫೋಲ್ಡರ್‌ಗಳನ್ನು ಸುಮ್ಮನೆ ಹುಡುಕಿ ಲಾಭವಿಲ್ಲ. ‘ಡಾಕರ್ ಇನ್‌ಸ್ಪೆಕ್ಟ್’ ಮುಂದೆ ಕಂಟೇನರ್ ಹೆಸರು ಕೊಟ್ಟು, ಒಳಗೆ ಜೋಡಿಸಿದ ಹೊರಗಿನ ಫೋಲ್ಡರ್‌ಗಳನ್ನು ಹೇಳುವ ‘ಮೌಂಟ್ಸ್’ ಭಾಗ ಓದಿ.

ಪೋರ್ಟ್‌ನಲ್ಲಿರುವುದು ಎಂಜಿನ್‌ಎಕ್ಸ್ ಅಥವಾ ಅಪಾಚೆ ಎಂಬ ವೆಬ್ ಸರ್ವರ್ ಪ್ರೋಗ್ರಾಂ ಇರಬಹುದು. ಎಂಜಿನ್‌ಎಕ್ಸ್ ಆಗಿದ್ದರೆ ‘ಸುಡೊ ಎಂಜಿನ್‌ಎಕ್ಸ್ -ಟಿ’ ಕೊಡಿ. ಟಿ ದೊಡ್ಡಕ್ಷರವಾಗಿರಲಿ, ಸಣ್ಣ ಟಿ ಸಂರಚನೆಯನ್ನು (ಕಾನ್ಫಿಗರೇಶನ್) ಪರೀಕ್ಷಿಸುತ್ತದೆ ಅಷ್ಟೆ, ದೊಡ್ಡದು ಪೂರ್ತಿ ಮುದ್ರಿಸುತ್ತದೆ. ನಿಮ್ಮ ಡೊಮೇನ್ ಇರುವ ಸರ್ವರ್ ಬ್ಲಾಕ್‌ನಲ್ಲಿ (ಒಂದು ಸೈಟ್‌ನ ಸಂರಚನೆಯ ಭಾಗ) ‘ರೂಟ್’ ಸಾಲು ಹುಡುಕಿ, ಫೋಲ್ಡರಿನ ದಾರಿ ಅಲ್ಲಿರುತ್ತದೆ. ಉಬುಂಟುವಿನ ಅಪಾಚೆಗೆ ‘ಅಪಾಚೆ2ಸಿಟಿಎಲ್ -ಎಸ್’, ಇಲ್ಲೂ ದೊಡ್ಡ ಎಸ್. ಯಾವ ಡೊಮೇನ್ ಯಾವ ಫೈಲಿನ ಎಷ್ಟನೇ ಸಾಲಿನಲ್ಲಿದೆ ಎಂದು ತೋರಿಸುತ್ತದೆ; ಆ ಫೈಲ್ ತೆರೆದರೆ ‘ಡಾಕ್ಯುಮೆಂಟ್‌ರೂಟ್’ ಸಿಗುತ್ತದೆ. ಉಬುಂಟುವಿನಲ್ಲಿ ಸಾಮಾನ್ಯವಾಗಿ ಅದು /ವಾರ್/ಡಬ್ಲ್ಯುಡಬ್ಲ್ಯುಡಬ್ಲ್ಯು/ಎಚ್‌ಟಿಎಂಎಲ್. ಹೋಸ್ಟಿಂಗ್ ನಿರ್ವಹಣೆಯ ಸಿಪ್ಯಾನಲ್‌ನಲ್ಲಿ ಮುಖ್ಯ ಡೊಮೇನಿಗೆ ಬಳಕೆದಾರರ ಹೋಮ್‌ನೊಳಗಿನ ಪಬ್ಲಿಕ್_ಎಚ್‌ಟಿಎಂಎಲ್.

ಅತಿ ಹೆಚ್ಚು ಜನ ಎಡವುವುದು ಮುಂದಿನ ಜಾಗದಲ್ಲಿ. 80 ಮತ್ತು 443ಕ್ಕೆ ಸಾಮಾನ್ಯವಾಗಿ ಬೇರೆಬೇರೆ ಬ್ಲಾಕ್‌ಗಳಿರುತ್ತವೆ. ಅಪಾಚೆಯಲ್ಲಿ ಸರ್ಟ್‌ಬಾಟ್ ಎಂಬ ಸಾಧನ ಎಚ್‌ಟಿಟಿಪಿಎಸ್‌ಗೆ ಬೇಕಾದ ಪ್ರಮಾಣಪತ್ರ ಹಾಕುವಾಗ ‘-ಎಲ್‌ಇ-ಎಸ್‌ಎಸ್‌ಎಲ್.ಕಾನ್ಫ್’ ಎಂದು ಕೊನೆಯಾಗುವ ಪ್ರತ್ಯೇಕ ಫೈಲ್ ಮಾಡುತ್ತದೆ. ನೀವು ಮೂಲ ಫೈಲಿನಲ್ಲಿ ಮಾತ್ರ ದಾರಿ ತಿದ್ದಿದರೆ, ಎಚ್‌ಟಿಟಿಪಿಎಸ್‌ನಲ್ಲಿ ಬರುವ ಗ್ರಾಹಕರಿಗೆ ಹಳೆಯ ಫೋಲ್ಡರೇ ಗತಿ. ಎರಡನ್ನೂ ನೋಡಿ. ಡೊಮೇನ್ ಹೆಸರು ಯಾವ ಬ್ಲಾಕ್‌ಗೂ ಹೊಂದದಿದ್ದರೆ, ಬೇರೆ ಡೀಫಾಲ್ಟ್ ಹೇಳಿರದ ಪಕ್ಷದಲ್ಲಿ ಮೊದಲು ಓದಿದ ಬ್ಲಾಕ್ ಉತ್ತರಿಸುತ್ತದೆ. ಅಕ್ಷರ ತಪ್ಪಿದ್ದರೂ ದೋಷ ಸಂದೇಶ ಬರದಿರುವುದು ಇದರಿಂದಲೇ.

ಸಿಕ್ಕ ಫೋಲ್ಡರ್ ಖಚಿತಪಡಿಸಿಕೊಳ್ಳಲು ಅಲ್ಲಿ ‘ಗುರುತು-560002.ಟಿಎಕ್ಸ್‌ಟಿ’ಯಂಥ ಫೈಲ್ ಇಟ್ಟು, ‘ಕರ್ಲ್’ ಕಮಾಂಡ್ ಬಳಸಿ ಅದರ ವೆಬ್ ವಿಳಾಸ ತೆರೆಯಿರಿ. ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿರಲಿ. ಪಠ್ಯ ಬಂದರೆ ಜಾಗ ಸರಿ, ಫೈಲ್ ಅಳಿಸಿಬಿಡಿ. 404 (ಫೈಲ್ ಸಿಗಲಿಲ್ಲ) ಬಂದರೆ ಎಂಜಿನ್‌ಎಕ್ಸ್‌ನ ಎರರ್ ಲಾಗ್ (ದೋಷಗಳ ದಾಖಲೆ) ಓದಿ. ತಾನು ತೆರೆಯಲು ಹೋದ ಪೂರ್ತಿ ದಾರಿಯನ್ನು ಅದು ಸಾಮಾನ್ಯವಾಗಿ ಬರೆದಿರುತ್ತದೆ. ಇಷ್ಟು ನೇರವಾದ ಸುಳಿವು ಬೇರೆಲ್ಲೂ ಸಿಗದು. ಅಪಾಚೆ 2.4ರಲ್ಲಿ ಈ ಮಾಹಿತಿ ಬೇಕಾದರೆ ‘ಲಾಗ್‌ಲೆವೆಲ್’ ಅನ್ನು ತಾತ್ಕಾಲಿಕವಾಗಿ ‘ಇನ್ಫೊ’ಗೆ ಏರಿಸಿ.

403 (ಪ್ರವೇಶವಿಲ್ಲ) ಬಂದರೆ ಹೆಚ್ಚಾಗಿ ಅನುಮತಿಯದೇ ಸಮಸ್ಯೆ. ಯಾರು ಓದಬಹುದು, ಬರೆಯಬಹುದು ಎಂಬುದನ್ನು ಲಿನಕ್ಸ್ ಮೂರಂಕಿಯಲ್ಲಿ ಹೇಳುತ್ತದೆ. ಫೋಲ್ಡರ್‌ಗಳಿಗೆ 755, ಫೈಲ್‌ಗಳಿಗೆ 644 ಸಾಕು. ಎಲ್ಲರಿಗೂ ಬರೆಯಲು ಬಿಡುವ 777 ಎಂದೂ ಬೇಡ. ಮೇಲಿನ ಪ್ರತಿ ಫೋಲ್ಡರಿಗೂ ಪ್ರವೇಶಾನುಮತಿ ಬೇಕು. ಉಬುಂಟು 21.04ರಿಂದ ಹೊಸ ಹೋಮ್ ಫೋಲ್ಡರ್‌ಗಳು 750 (ಹೊರಗಿನವರಿಗೆ ಪ್ರವೇಶವಿಲ್ಲ) ಆಗಿರುವುದರಿಂದ, ಸೈಟನ್ನು ಅದರೊಳಗೆ ಇಟ್ಟರೆ ವೆಬ್ ಸರ್ವರ್ ಬಾಗಿಲಲ್ಲೇ ನಿಲ್ಲುತ್ತದೆ. ‘ನೇಮ್‌ಐ -ಎಲ್’ ಮುಂದೆ ಪೂರ್ತಿ ದಾರಿ ಕೊಟ್ಟರೆ ತಡೆ ಎಲ್ಲಿದೆ ಎಂದು ಒಂದೇ ನೋಟಕ್ಕೆ ಕಾಣುತ್ತದೆ. ರಾಕಿ, ಆಲ್ಮಾ ಲಿನಕ್ಸ್‌ಗಳಲ್ಲಿ ಅನುಮತಿ ಸರಿಯಿದ್ದೂ 403 ಬಂದರೆ ಎಸ್‌ಇಲಿನಕ್ಸ್ ಎಂಬ ಹೆಚ್ಚುವರಿ ಭದ್ರತಾ ವ್ಯವಸ್ಥೆ ಫೈಲ್‌ಗಳಿಗೆ ಹಚ್ಚಿದ ಲೇಬಲ್ ಪರೀಕ್ಷಿಸಿ.

ಸಂರಚನೆ ತಿದ್ದಿದ್ದರೆ ‘ಎಂಜಿನ್‌ಎಕ್ಸ್ -ಟಿ’ (ಸಣ್ಣಕ್ಷರ) ಅಥವಾ ‘ಅಪಾಚೆ2ಸಿಟಿಎಲ್ ಕಾನ್ಫಿಗ್‌ಟೆಸ್ಟ್’ ಓಡಿಸಿ. ದೋಷವಿಲ್ಲವೆಂದ ಮೇಲಷ್ಟೇ ‘ಸುಡೊ ಸಿಸ್ಟಂಸಿಟಿಎಲ್ ರೀಲೋಡ್’ ಮುಂದೆ ಸರ್ವರ್ ಪ್ರೋಗ್ರಾಂನ ಹೆಸರು (ಎಂಜಿನ್‌ಎಕ್ಸ್ ಅಥವಾ ಅಪಾಚೆ2) ಕೊಡಿ.