ಬಲೆಯೊಳಗೊಂದು ಬಲೆ: ಮಡಿಕೇರಿ ಮಳೆಯಲ್ಲಿ ಹೈಡ್ರೋಜೆಲ್

ಹೈಡ್ರೋಜೆಲ್ ಅಂದರೆ ನೀರು ಕುಡಿದು ಉಬ್ಬಿ, ಅದನ್ನು ಹಿಡಿದಿಟ್ಟುಕೊಳ್ಳುವ ಮೆತ್ತನೆಯ ವಸ್ತು. ಅದನ್ನು ಮಾಡುವ ವಿಧಾನ ಓದಿದರೆ ಬಹಳ ಸುಲಭ ಅನ್ನಿಸುತ್ತದೆ. ಕರಗಿಸಿ, ಬೆರೆಸಿ, ಗಟ್ಟಿಯಾಗಲು ಬಿಡಿ, ಒಣಗಿಸಿ. ಈ 'ಒಣಗಿಸಿ' ಅಂತ ಬರೆದವರು ಜಡಿಮಳೆಯ ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಮಡಿಕೇರಿಗೆ ಬಂದಿರಲಿಕ್ಕಿಲ್ಲ.

ನಾನು ಮಾಡುವುದು ಕಡಲಕಳೆಯಿಂದ ತೆಗೆದ ಆಲ್ಜಿನೇಟ್ ಮತ್ತು ಅಕ್ರಿಲಮೈಡ್ ಅಣುಗಳು ಉದ್ದ ಸರಪಳಿಯಾಗಿ ಬೆಳೆದ ಪಾಲಿಅಕ್ರಿಲಮೈಡ್ ಸೇರಿದ ಜೆಲ್. ಎರಡು ಮೀನುಬಲೆಗಳನ್ನು ಒಂದರೊಳಗೊಂದು ಹೆಣೆದ ಹಾಗೆ ಇದರ ರಚನೆ. ಎರಡನ್ನೂ ಸೇರಿಸಿ ಗಂಟು ಹಾಕಬೇಕಿಲ್ಲ, ಆದರೂ ಹರಿಯದೆ ಬಿಡಿಸಲು ಬರುವುದಿಲ್ಲ. ಆಲ್ಜಿನೇಟ್ ಎಳೆಗಳನ್ನು ಕ್ಯಾಲ್ಸಿಯಂ ಹಿಡಿದಿಡುತ್ತದೆ. ಎಳೆದಾಗ ಆ ಹಿಡಿತ ಅಲ್ಲಲ್ಲಿ ಬಿಟ್ಟು ಎಳೆತದ ಶಕ್ತಿಯನ್ನು ನುಂಗುತ್ತದೆ. ಇನ್ನೊಂದು ಬಲೆ ಹಿಗ್ಗುತ್ತಾ ಇಡೀ ತುಂಡನ್ನು ಉಳಿಸುತ್ತದೆ. 2012ರಲ್ಲಿ ಹಾರ್ವರ್ಡ್‌ನ ತಂಡ ಇದೇ ಜೋಡಿಯಿಂದ 20 ಪಟ್ಟಿಗೂ ಜಾಸ್ತಿ ಹಿಗ್ಗುವ ಜೆಲ್ ಮಾಡಿ ತೋರಿಸಿತ್ತು. ನನ್ನದು ಅಷ್ಟೆಲ್ಲ ಹಿಗ್ಗುವುದಿಲ್ಲ. ಹಿಸುಕಿದರೆ ಒಡೆಯುವುದಿಲ್ಲ, ನನಗೆ ಅಷ್ಟು ಸಾಕು.

100 ಮಿಲಿ ಡಿಸ್ಟಿಲ್ಡ್ ನೀರಿಗೆ 2 ಗ್ರಾಂ ಸೋಡಿಯಂ ಆಲ್ಜಿನೇಟ್ ಹಾಕುತ್ತೇನೆ. ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದೆ. ನೀರು ಸುಳಿ ತಿರುಗುವಾಗ ಚಿಟಿಕೆ ಚಿಟಿಕೆಯಾಗಿ ಉದುರಿಸಿ, ರಾತ್ರಿಯಿಡೀ ತಿರುಗಲು ಬಿಡಬೇಕು. ಬೆಳಿಗ್ಗೆ 12 ಗ್ರಾಂ ಅಕ್ರಿಲಮೈಡ್, ಆ ಸರಪಳಿಗಳನ್ನು ಬಲೆಯಾಗಿ ಬೆಸೆಯುವ ಬಿಸ್‌ಅಕ್ರಿಲಮೈಡ್ 12 ಮಿಲಿಗ್ರಾಂ ಸೇರಿಸುತ್ತೇನೆ. ಅಕ್ರಿಲಮೈಡ್ ನರಗಳಿಗೆ ವಿಷ, ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಗ್ಲೌಸ್, ಮಾಸ್ಕ್, ಹೊಗೆ ಹೊರಗೆಳೆಯುವ ಫ್ಯೂಮ್ ಹುಡ್ ಇಲ್ಲದೆ ಆ ಡಬ್ಬಿ ಮುಟ್ಟಲೇಬೇಡಿ. ತೊಳೆದ ನೀರನ್ನೂ ಸಿಂಕಿಗೆ ಚೆಲ್ಲುವುದಿಲ್ಲ, ಕ್ಯಾನಿನಲ್ಲಿ ತುಂಬಿಟ್ಟು ರಾಸಾಯನಿಕ ತ್ಯಾಜ್ಯಕ್ಕೆ ಕೊಡುತ್ತೇನೆ. ನಮ್ಮ ಕಡೆಯ ತೋಡುಗಳು ಕೊನೆಗೆ ಸೇರುವುದು ಕಾವೇರಿಗೇ ಅಲ್ವಾ?

ದ್ರಾವಣದಲ್ಲಿ ಆಮ್ಲಜನಕ ಉಳಿದರೆ ಪಾಲಿಮರ್ ಸರಪಳಿ ಬೆಳೆಯುವುದು ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ನೈಟ್ರೋಜನ್ ಹಾಯಿಸಬೇಕು. ಆದರೆ ಆಲ್ಜಿನೇಟ್ ಮಂದ, ಎದ್ದ ಗುಳ್ಳೆ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ನಿಧಾನವಾಗಿ ಹಾಯಿಸಿ, ಆಮೇಲೆ ಸ್ವಲ್ಪ ಹೊತ್ತು ವ್ಯಾಕ್ಯೂಮ್ ಕೊಡುತ್ತೇನೆ. ಕೊನೆಗೆ ಸರಪಳಿ ಬೆಳೆಯುವುದನ್ನು ಶುರುಮಾಡುವ, ಆಗತಾನೇ ಕರಗಿಸಿದ ಅಮೋನಿಯಂ ಪರ್‌ಸಲ್ಫೇಟ್, ಅದಕ್ಕೆ ವೇಗ ಕೊಡುವ ಟೆಮೆಡ್. ಟೆಮೆಡ್ ಇದ್ದರೆ ಜೆಲ್ ಗಟ್ಟಿಯಾಗಲು ಓವನ್ ಬೇಕಾಗಿಲ್ಲ. ಗಾಳಿಮಳೆಗೆ ಕರೆಂಟ್ ಹೋಗುವ ಊರಿನಲ್ಲಿ ಇದೇ ದೊಡ್ಡ ಉಪಕಾರ. 3 ಮಿಲಿಮೀಟರ್ ಅಂತರದ ಗಾಜುಗಳ ನಡುವೆ ಸುರಿದು, ಗಟ್ಟಿಯಾದ ಹಾಳೆಯನ್ನು ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ ನೆನೆಸಿದರೆ ಎರಡನೆಯದಾದ ಆಲ್ಜಿನೇಟ್ ಬಲೆಯೂ ಸಿದ್ಧ. ಹಾಳೆ ದಪ್ಪವಾದರೆ ಹೊರಗೆ ಬಿಗಿ, ಒಳಗೆ ಸಡಿಲ. ಆಮೇಲೆ ನೀರು ಬದಲಿಸುತ್ತಾ ತೊಳೆಯಬೇಕು, ಉಳಿದ ಅಕ್ರಿಲಮೈಡ್ ಹೋಗಲಿ ಅಂತ.

ಕ್ಯಾಲ್ಸಿಯಂ ಕ್ಲೋರೈಡ್ ಇಲ್ಲಿನ ಗಾಳಿಯಲ್ಲೇ ನೀರು ಕುಡಿದು ಬಾಟಲಿಯಲ್ಲೇ ಕರಗುತ್ತದೆ. ಏಪ್ರಿಲ್‌ನಲ್ಲೇ ತೂಗಿ ದ್ರಾವಣ ಮಾಡಿಟ್ಟುಕೊಳ್ಳುತ್ತೇನೆ. ಒಣಗಿದ ಜೆಲ್‌ನದೂ ಅದೇ ಚಾಳಿ. ಓವನ್‌ನಿಂದ ತೆಗೆದು ತಕ್ಕಡಿಯ ಮೇಲಿಟ್ಟರೆ ಕೊನೆಯ ಅಂಕಿ ನಿಲ್ಲುವುದೇ ಇಲ್ಲ, ಮೆಲ್ಲಗೆ ಏರುತ್ತಾ ಹೋಗುತ್ತದೆ. ಇದು ಸಣ್ಣ ವಿಷಯವಲ್ಲ. ಎಷ್ಟು ಉಬ್ಬಿತು ಅನ್ನುವುದು ಕುಡಿದ ನೀರನ್ನು ಒಣ ತೂಕದಿಂದ ಭಾಗಿಸಿದ ಲೆಕ್ಕ. 12 ಗ್ರಾಂಗೆ ಉಬ್ಬಿದ ತುಂಡಿನ ಒಣ ತೂಕ 1 ಗ್ರಾಂ ಅಂದುಕೊಂಡರೆ ಉತ್ತರ 11. ಆ ಒಂದು ಗ್ರಾಮಿನಲ್ಲಿ 0.1 ಗ್ರಾಂ ತೇವವೇ ಇದ್ದರೆ ನಿಜವಾದ ಉತ್ತರ 12.3. ಅದಕ್ಕೇ ಮುಚ್ಚಳವಿರುವ ಬಾಟಲಿಯಲ್ಲಿ ಒಣಗಿಸಿ, ಓವನ್‌ನಲ್ಲೇ ಮುಚ್ಚಿ, ಡೆಸಿಕೇಟರ್‌ನಲ್ಲಿ (ತೇವ ಹೀರುವ ಸಿಲಿಕಾ ಜೆಲ್ ಇಟ್ಟ ಮುಚ್ಚಿದ ಪಾತ್ರೆ) ತಣಿಸಿ, ಮುಚ್ಚಿದ ಹಾಗೇ ತೂಗುತ್ತೇನೆ. ಸಿಲಿಕಾ ಜೆಲ್ ನೀಲಿ ಹೋಗಿ ಗುಲಾಬಿಯಾಗಿದ್ದರೆ ಆ ದಿನ ತೂಗುವುದೇ ಇಲ್ಲ.

ಪರಿಚಯದ ಕಾಫಿ ಬೆಳೆಗಾರರೊಬ್ಬರು ಕೇಳಿದರು, "ಮೇಷ್ಟ್ರೇ, ಹೂಮಳೆ ತಡವಾದರೆ ನೀರು ಹಿಡಿದಿಡಲು ಇದನ್ನು ಸಸಿ ಬುಡಕ್ಕೆ ಹಾಕಬಹುದಾ?" ಸುಮ್ನೆ ಹೂಂ ಅನ್ನುವ ಬದಲು ಜೆಲ್ ತುಂಡುಗಳನ್ನು ಗೊಬ್ಬರದ ನೀರಿನಲ್ಲಿ ಹಾಕಿ ನೋಡಿದೆ. ಯೂರಿಯಾದಲ್ಲಿ ಹೆಚ್ಚೇನೂ ವ್ಯತ್ಯಾಸವಿಲ್ಲ, ಅದು ನೀರಿನಲ್ಲಿ ಅಯಾನುಗಳಾಗಿ (ವಿದ್ಯುದಾವೇಶವಿರುವ ಕಣಗಳಾಗಿ) ಒಡೆಯುವ ವಸ್ತುವಲ್ಲ. ಫಾಸ್ಫೇಟ್ ಇರುವ ಡಿಎಪಿ ಗೊಬ್ಬರದಲ್ಲಿ ಮಾತ್ರ ತುಂಡು ಹಾಲಿನಂತೆ ಬೆಳ್ಳಗಾಗಿ ಮೆತ್ತಗಾಯಿತು. ಫಾಸ್ಫೇಟ್ ಹೋಗಿ ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡಿತ್ತು, ಆಲ್ಜಿನೇಟ್ ಬಲೆ ಬಿಚ್ಚಿಕೊಂಡಿತ್ತು. ಪಕ್ಕದಲ್ಲೇ ಇಟ್ಟಿದ್ದ ಬರೀ ಆಲ್ಜಿನೇಟ್ ಮಣಿಗಳು ಲೋಳೆಯಾಗಿ ಹೋದವು. ಜೋಡಿ ಬಲೆಯ ತುಂಡು ಮಾತ್ರ ಇಕ್ಕಳದಲ್ಲಿ ಎತ್ತಿದರೆ ಜೋತು ಬಿದ್ದರೂ ಹರಿಯಲಿಲ್ಲ, ಪಾಲಿಅಕ್ರಿಲಮೈಡ್ ಹಿಡಿದುಕೊಂಡಿತ್ತು.

ಅವರಿಗೆ ಈಗಿನ್ನೂ ಕೊಟ್ಟಿಲ್ಲ. ತೊಳೆದ ಜೆಲ್‌ನಲ್ಲಿ ಅಕ್ರಿಲಮೈಡ್ ಎಷ್ಟು ಉಳಿದಿದೆ ಅಂತ ಅಳೆಸದೆ ತೋಟಕ್ಕೆ ಕಳಿಸುವುದಿಲ್ಲ. ಅಳೆಸಿ ಕೊಟ್ಟರೂ ಡಿಎಪಿ ಹಾಕುವ ಸಸಿಗಳಿಗೆ ಇದು ಬೇಡ ಅಂತಲೇ ಹೇಳುತ್ತೇನೆ.