ಹಿಮೋಫಿಲಿಯಾ ಇರುವ ಮನೆಯವರು ನೆಂಟರಿಗೆ ತಿಳಿಸಿ ಹೇಳುವುದು ಹೇಗೆ?

ನನ್ನ ಅಕ್ಕನ ಮಗನಿಗೆ ಹಿಮೋಫಿಲಿಯಾ ಇದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ಅನ್ನುವ ಪ್ರೋಟೀನ್ ಅವನ ಮೈಯಲ್ಲಿ ತೀರಾ ಕಡಿಮೆ. ಹೊರಗೆ ಗಾಯವೇ ಇಲ್ಲದೆ ಮಂಡಿಯ ಒಳಗೆ ರಕ್ತ ಸೋರಿ ಊದಿಕೊಳ್ಳುತ್ತದೆ. ನಾನು ಸಾಗರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಹಾಗಾಗಿ ನೆಂಟರಿಗೆಲ್ಲ ತಿಳಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಇಂಥ ಮಗು ಇರುವ ಬೇರೆ ಮನೆಗಳಿಗೂ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಯಾರಿಗೆ ಹೇಳಬೇಕು ಅಂತ ತೀರ್ಮಾನಿಸಿ. ಇದು ಎಕ್ಸ್ ಕ್ರೋಮೋಸೋಮಿನಲ್ಲಿ ಬರುವ ಕಾಯಿಲೆ. ಕ್ರೋಮೋಸೋಮು ಅಂದರೆ ಜೀನುಗಳನ್ನು ಹೊತ್ತ ಎಳೆ; ಹೆಂಗಸರಿಗೆ ಎರಡು ಎಕ್ಸ್, ಗಂಡಸರಿಗೆ ಒಂದು ಎಕ್ಸ್, ಒಂದು ವೈ. ಕಾಯಿಲೆ ಇಲ್ಲದ ಹೆಂಗಸೂ ಅದನ್ನು ಮಕ್ಕಳಿಗೆ ದಾಟಿಸಬಹುದು. ಆದ್ದರಿಂದ ಹುಡುಗನ ಅಕ್ಕತಂಗಿಯರು, ತಾಯಿ ಕಡೆಯ ಚಿಕ್ಕಮ್ಮ ದೊಡ್ಡಮ್ಮಂದಿರು, ಅವರ ಹೆಣ್ಣುಮಕ್ಕಳು, ಇವರಿಗೆ ಮೊದಲು ಗೊತ್ತಾಗಬೇಕು. ಮದುವೆ ಮನೆಯಲ್ಲೋ ತಿಥಿ ಊಟದಲ್ಲೋ ಈ ಮಾತು ಎತ್ತಬೇಡಿ. ಒಬ್ಬೊಬ್ಬರ ಮನೆಗೇ ಹೋಗಿ, ಹೆಂಗಸರು ಬಿಡುವಾಗಿರುವ ಹೊತ್ತಿನಲ್ಲಿ ಹೇಳಿ. ಅಕ್ಕ ನನಗೆ ಹೇಳಿದ್ದೂ ಹಾಗೆಯೇ. ಮುಂದೆ ಯಾರಿಗೆ ಹೇಳಬೇಕು ಅನ್ನುವುದು ಕೇಳಿಸಿಕೊಂಡವಳಿಗೆ ಬಿಟ್ಟದ್ದು.

ಹೇಳುವಾಗ ಚಿತ್ರ ಬರೆಯುವುದಕ್ಕಿಂತ ಕೈಗೆ ವಸ್ತು ಕೊಡುವುದು ಮೇಲು. ನಾನು ಅಡಿಕೆ ಇಟ್ಟುಕೊಂಡು ಹೇಳುತ್ತೇನೆ. ಚಾಲಿ (ಬಿಸಿಲಲ್ಲಿ ಒಣಗಿಸಿದ ಬಿಳಿ ಅಡಿಕೆ) ಅಂದರೆ ಸರಿ ಇರುವ ಎಕ್ಸ್, ಕೆಂಪಡಿಕೆ ಅಂದರೆ ತೊಂದರೆ ಇರುವ ಎಕ್ಸ್, ಒಂದು ಕಾಳುಮೆಣಸು ಅಂದರೆ ಗಂಡಸರ ವೈ. ತಾಯಿಯ ಮುಷ್ಟಿಯಲ್ಲಿ ಒಂದು ಚಾಲಿ, ಒಂದು ಕೆಂಪಡಿಕೆ. ತಂದೆಯ ಮುಷ್ಟಿಯಲ್ಲಿ ಒಂದು ಚಾಲಿ, ಒಂದು ಮೆಣಸು. ಮಗು ಎರಡೂ ಮುಷ್ಟಿಯಿಂದ ಒಂದೊಂದು ತೆಗೆದುಕೊಳ್ಳುತ್ತದೆ. ಮೆಣಸು ಸಿಕ್ಕಿದರೆ ಗಂಡು. ಮೆಣಸಿನ ಜೊತೆ ಕೆಂಪಡಿಕೆ ಬಂದರೆ ಕಾಯಿಲೆ ಬರುತ್ತದೆ, ಏಕೆಂದರೆ ಕೊರತೆ ತುಂಬಲು ಅವನಿಗೆ ಇನ್ನೊಂದು ಎಕ್ಸ್ ಇಲ್ಲ. ಚಾಲಿ ಬಂದರೆ ಅವನಿಗೆ ಕಾಯಿಲೆ ಇಲ್ಲ, ಅವನ ಮಕ್ಕಳಿಗೂ ಅವನಿಂದ ಹೋಗುವುದಿಲ್ಲ. ಹುಡುಗಿಗೆ ಕೆಂಪಡಿಕೆ ಬಂದರೆ ಅವಳು ವಾಹಕಿ, ಅಂದರೆ ಅದನ್ನು ಮಕ್ಕಳಿಗೆ ದಾಟಿಸಬಲ್ಲವಳು. ಇಂಥ ಕೆಲವು ಹುಡುಗಿಯರಿಗೂ ಫ್ಯಾಕ್ಟರ್ ಕಡಿಮೆ ಇದ್ದು ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗಬಹುದು. ಅದನ್ನು ಸುಮ್ನೆ ಸಹಿಸಿಕೊಂಡು ಕೂರಬಾರದು.

ಒಂದು ಸಲ ಆದ ಮೇಲೆ ಅಡಿಕೆಗಳನ್ನು ವಾಪಸ್ ಮುಷ್ಟಿಗೆ ಹಾಕಿಸಿ ಮತ್ತೆ ಆರಿಸಲು ಹೇಳಿ. ಇದನ್ನು ಬಿಡಬೇಡಿ. ‘ಮೊದಲನೆಯವನಿಗೆ ಬಂತಲ್ಲ, ಎರಡನೆಯವನಿಗೆ ಬರಲ್ಲ’ ಅನ್ನುವ ನಂಬಿಕೆ ಎಲ್ಲ ಕಡೆ ಇದೆ. ಪ್ರತಿ ಬಸಿರಿನಲ್ಲೂ ಲೆಕ್ಕ ಹೊಸದು: ಗಂಡಾದರೆ ಕಾಯಿಲೆ ಬರುವ ಸಾಧ್ಯತೆ ಅರ್ಧ, ಹೆಣ್ಣಾದರೆ ವಾಹಕಿ ಆಗುವ ಸಾಧ್ಯತೆ ಅರ್ಧ. ಆಮೇಲೆ ತಂದೆಯ ಮುಷ್ಟಿಯಲ್ಲಿ ಕೆಂಪಡಿಕೆ ಇಟ್ಟು, ತಾಯಿಗೆ ಎರಡೂ ಚಾಲಿ ಕೊಟ್ಟು ಆಡಿಸಿ. ಅವನ ಹೆಣ್ಣುಮಕ್ಕಳೆಲ್ಲ ವಾಹಕಿಯರು, ಗಂಡುಮಕ್ಕಳಿಗೆ ಏನೂ ಇಲ್ಲ ಅಂತ ಅವರೇ ಕಂಡುಕೊಳ್ಳುತ್ತಾರೆ.

ಇಷ್ಟು ಹೇಳಿದ ಕೂಡಲೇ ಯಾರಾದರೂ ‘ಹಾಗಾದ್ರೆ ತಾಯಿ ಕಡೆಯಿಂದಲೇ ಬಂತು ಅಲ್ವಾ’ ಅನ್ನುತ್ತಾರೆ. ಆಗ ಸುಮ್ಮನಿರಬೇಡಿ. ತಾನು ಯಾವ ಅಡಿಕೆ ಕೊಡಬೇಕು ಅಂತ ಯಾವ ತಾಯಿಯೂ ಆರಿಸಲಾರಳು. ಸುಮಾರು ಮೂರರಲ್ಲಿ ಒಂದು ಮನೆಯಲ್ಲಿ ಹಿಂದೆ ಯಾರಿಗೂ ಈ ಕಾಯಿಲೆ ಇದ್ದದ್ದೇ ಇಲ್ಲ, ಜೀನಿನಲ್ಲಿ ಹೊಸದಾಗಿ ಬದಲಾವಣೆ ಆಗಿರುತ್ತದೆ. ಸೋದರಮಾವನ ಮಗನನ್ನು ಮದುವೆಯಾಗಿದ್ದು ಹಿಮೋಫಿಲಿಯಾಕ್ಕೆ ಕಾರಣವಲ್ಲ. ಸಾಗರದ ಕಡೆ ‘ವಂಶದ ಕಾಯಿಲೆ’ ಅಂದರೆ ಎಲ್ಲರಿಗೂ ಹಂದಿಗೋಡು ಕಾಯಿಲೆಯೇ ನೆನಪು. ಸೊಂಟ, ಮಂಡಿಯ ಕೀಲುಗಳನ್ನು ಹಾಳುಮಾಡುವ ಅದು 1970ರ ದಶಕದಲ್ಲಿ ಬೆಳಕಿಗೆ ಬಂತು. ಅದು ಹರಿದು ಬರುವ ದಾರಿಯೇ ಬೇರೆ. ತಂದೆಯಿಂದಲೂ ತಾಯಿಯಿಂದಲೂ, ಗಂಡಿಗೂ ಹೆಣ್ಣಿಗೂ ಒಂದೇ ಸಮ ಬರಬಹುದು. ಒಂದು ಕಾಯಿಲೆಯ ಲೆಕ್ಕವನ್ನು ಇನ್ನೊಂದಕ್ಕೆ ಹಾಕಬಾರದು ಅನ್ನುವುದಕ್ಕೆ ನಾನು ಇದನ್ನೇ ಹೇಳುತ್ತೇನೆ.

ಪರೀಕ್ಷೆಗೆ ಒಂದು ಕ್ರಮ ಇದೆ. ಮೊದಲು ಕಾಯಿಲೆ ಇರುವ ಹುಡುಗನ ರಕ್ತದಲ್ಲಿ ಯಾವ ಬದಲಾವಣೆ ಅಂತ ಡಿಎನ್‌ಎ ಪರೀಕ್ಷೆಯಲ್ಲಿ ಪತ್ತೆ ಮಾಡುತ್ತಾರೆ. ಅದನ್ನೇ ಹಿಡಿದು ಹೆಣ್ಣುಮಕ್ಕಳಲ್ಲಿ ಹುಡುಕುತ್ತಾರೆ. ಆದ್ದರಿಂದ ಹುಡುಗನ ರಿಪೋರ್ಟಿನ ಜೆರಾಕ್ಸ್ ಪ್ರತಿ ಹೆಣ್ಣುಮಗಳ ಮನೆಯಲ್ಲೂ ಇರಲಿ. ಬಸಿರಾದ ಮೇಲೆ ಓಡಾಡುವುದಕ್ಕಿಂತ ಮೊದಲೇ ಮಾಡಿಸುವುದು ಒಳ್ಳೆಯದು. ಗರ್ಭದಲ್ಲಿರುವ ಮಗುವಿನ ಪರೀಕ್ಷೆ ಸುಮಾರು 11ನೇ ವಾರದ ಹೊತ್ತಿಗೆ ಶುರುವಾಗುತ್ತದೆ. 1994ರ ಕಾಯ್ದೆ ಸುಮ್ಮನೆ ಲಿಂಗ ಪತ್ತೆ ಮಾಡುವುದನ್ನು ತಡೆಯುತ್ತದೆ, ಇಂಥ ಕಾಯಿಲೆಗಳ ಪರೀಕ್ಷೆಗೆ ನೋಂದಾಯಿತ ಕೇಂದ್ರಗಳಲ್ಲಿ ಅವಕಾಶ ಕೊಡುತ್ತದೆ. ಪರೀಕ್ಷೆ ಬೇಡ ಅನ್ನುವವಳನ್ನು ಒತ್ತಾಯ ಮಾಡಬೇಡಿ.

ಇನ್ನು ಗುಂಪು ಕಟ್ಟುವ ವಿಷಯ. ನಮ್ಮ ಹತ್ತಿರದಲ್ಲಿ ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ, ಮೊದಲು ಅಲ್ಲಿ ಹೆಸರು ಬರೆಸಿ. ಆಮೇಲೆ ನಿಮ್ಮ ಸುತ್ತಮುತ್ತ ನಾಲ್ಕೈದು ಮನೆ ಸಿಕ್ಕರೂ ಸಾಕು. ಅಡಿಕೆ ಕೊಯ್ಲಿನ ಸಮಯದಲ್ಲಿ ಸೇರಲು ಕರೆಯಬೇಡಿ, ಯಾರೂ ಬರುವುದಿಲ್ಲ. ಬಸ್ ಸ್ಟ್ಯಾಂಡಿಗೆ ಹತ್ತಿರದ ಜಾಗ ನೋಡಿ, ಊದಿದ ಕಾಲಿನ ಮಗುವನ್ನು ಎತ್ತಿಕೊಂಡು ದೂರ ನಡೆಯಲು ಆಗುವುದಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಮಕ್ಕಳ ಫೋಟೋ, ನಾಟಿ ಔಷಧಿಯ ಮೆಸೇಜ್ ಎರಡೂ ಬೇಡ.

ಗುಂಪು ನಿಜವಾಗಿ ಬೇಕಾಗುವುದು ಮಳೆಗಾಲದಲ್ಲಿ. ಮರ ಬಿದ್ದು ರಸ್ತೆ ಕಟ್ಟುತ್ತದೆ, ಕರೆಂಟ್ ದಿನಗಟ್ಟಲೆ ಇರುವುದಿಲ್ಲ. ಕೊರತೆ ತುಂಬಲು ಕೊಡುವ ಫ್ಯಾಕ್ಟರ್ ಇಂಜೆಕ್ಷನ್ ಸಾಮಾನ್ಯವಾಗಿ 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕು. ಇನ್ವರ್ಟರ್ ಇರುವ ಮನೆ ಯಾವುದು, ರಾತ್ರಿ ಕರೆದರೆ ಜೀಪ್ ತರುವವರು ಯಾರು ಅಂತ ಮೇ ತಿಂಗಳಲ್ಲೇ ಪಟ್ಟಿ ಮಾಡಿ. ಕೀಲಿನಲ್ಲಿ ಜುಮುಗುಟ್ಟುತ್ತದೆ, ಬಿಸಿ ಆಗಿದೆ ಅಂತ ಹುಡುಗ ಹೇಳಿದ ಕೂಡಲೇ ಹೊರಡಬೇಕು, ಊದುವವರೆಗೆ ಕಾಯಬಾರದು. ಹೊರಡುವ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ ಸ್ಟಾಕ್ ಇದೆಯಾ ಕೇಳಿ. ಆಸ್ಪಿರಿನ್, ಡೈಕ್ಲೋಫಿನಾಕ್ ಕೊಡಬಾರದು, ಮಾಂಸಖಂಡಕ್ಕೆ ಸೂಜಿ ಚುಚ್ಚಬಾರದು ಅಂತ ಒಂದು ಚೀಟಿ ಬರೆದು ಲ್ಯಾಮಿನೇಟ್ ಮಾಡಿಸಿ ಹುಡುಗನ ಬ್ಯಾಗಿನಲ್ಲಿಡಿ. ಒಂದು ಪ್ರತಿ ಶಾಲೆಗೆ, ಒಂದು ಊರಿನ ಡಾಕ್ಟರಿಗೆ, ಇನ್ನೊಂದು ಆಶಾ ಕಾರ್ಯಕರ್ತೆಗೆ ಕೊಡಿ.