ವರ್ಗಾವಣೆಯ ವರ್ಷದಲ್ಲಿ ಬ್ಯಾಂಕು, ಮನೆ, ಸಭೆ: ನನ್ನ ಅನುಭವ

2023ರ ಜೂನ್‌ನಲ್ಲಿ ನನಗೆ ಕ್ಲರ್ಕ್‌ನಿಂದ ಆಫೀಸರ್ ಆಗಿ ಬಡ್ತಿ ಸಿಕ್ಕಿತು. ಬಡ್ತಿಯ ಬೆನ್ನಿಗೇ ವರ್ಗಾವಣೆಯೂ ಬಂತು. ಮಂಗಳೂರಿನಿಂದ ಗದಗಕ್ಕೆ. ಮಗಳು ಆಗ ತಾನೇ ಹತ್ತನೇ ಕ್ಲಾಸಿಗೆ ಕಾಲಿಟ್ಟಿದ್ದಳು, ಮಗ ಏಳನೇ ಕ್ಲಾಸು. ಮಾಮಿಗೆ, ಅಂದರೆ ನನ್ನ ಅತ್ತೆಗೆ, ಶುಗರ್, ಜೊತೆಗೆ ಮಂಡಿ ನೋವು. ಇವರಿಗೆ, ಅಂದರೆ ನನ್ನ ಗಂಡನಿಗೆ, ಮಂಗಳೂರಿನ ಕಾಲೇಜೊಂದರಲ್ಲಿ ಲ್ಯಾಬ್ ಕೆಲಸ, ಬಿಟ್ಟು ಬರುವ ಹಾಗಿಲ್ಲ. ಸಭೆಯಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ನಾನು ಸಂಡೇ ಸ್ಕೂಲ್ ನೋಡಿಕೊಳ್ಳುತ್ತಿದ್ದೆ, ಸ್ತ್ರೀಯರ ಕೂಟದ ಖಜಾಂಚಿಯಾಗಿದ್ದೆ, ಕ್ವಾಯರ್‌ನಲ್ಲೂ ಹಾಡುತ್ತಿದ್ದೆ.

ಇಂಥದ್ದೇ ವರ್ಷವೊಂದನ್ನು ಎದುರಿಗಿಟ್ಟುಕೊಂಡ ಅಕ್ಕತಂಗಿಯರು "ಹೇಗೆ ನಿಭಾಯಿಸಿದಿರಿ?" ಅಂತ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೆಲಸ, ಮನೆ, ನಂಬಿಕೆ ಮೂರಕ್ಕೂ ಸಮಪಾಲು ಹಂಚಲು ನಾನು ಹೋಗಲಿಲ್ಲ. ನಂಬಿಕೆಯನ್ನು ಮೂರನೇ ಕೆಲಸ ಅಂತ ಲೆಕ್ಕಕ್ಕೆ ಹಿಡಿಯಲೂ ಇಲ್ಲ. ಸಭೆಯ ಹುದ್ದೆಗಳನ್ನು ಬಿಟ್ಟೆ, ಪ್ರಾರ್ಥನೆಯನ್ನು ಬಿಡಲಿಲ್ಲ. ಇವೆರಡೂ ಒಂದೇ ಅಂತ ನಮ್ಮಲ್ಲಿ ತುಂಬ ಜನ ಅಂದುಕೊಂಡಿದ್ದಾರೆ. ಅಲ್ಲ.

ಆರ್ಡರ್ ಕೈಗೆ ಬಂದ ವಾರವೇ ಸಭೆಯ ಪಾದ್ರಿ ಅಯ್ಯನವರನ್ನು ಕಂಡು ಮೂರೂ ಜವಾಬ್ದಾರಿ ಬಿಡುತ್ತೇನೆ ಅಂದೆ. ಅವರಿಗೆ ಬೇಜಾರಾಯಿತು. "ಸಂಡೇ ಸ್ಕೂಲನ್ನು ಇನ್ನು ಯಾರು ನೋಡಿಕೊಳ್ಳುವುದು? ಬಂದಾಗ ಬಂದಾಗ ನೋಡಿದರೆ ಸಾಕಲ್ಲ" ಅಂದರು. ಆದರೆ ಅರ್ಧ ಹಿಡಿದುಕೊಂಡ ಜವಾಬ್ದಾರಿ ಇಬ್ಬರಿಗೂ ಕಷ್ಟ. ನಮ್ಮ ಬ್ಯಾಂಕಿನಲ್ಲಿ ಸ್ಟ್ರಾಂಗ್ ರೂಮಿನ ಕೀಲಿ ಇಬ್ಬರು ಆಫೀಸರ್‌ಗಳ ಹತ್ತಿರ ಇರುತ್ತದೆ. ಇಬ್ಬರೂ ಸೇರದೆ ಬಾಗಿಲು ತೆರೆಯುವುದಿಲ್ಲ. ರಜೆ ಹಾಕುವವರು ತಮ್ಮ ಕೀಲಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು, ದಿನ, ಹೊತ್ತು ಬರೆದು, ರಿಜಿಸ್ಟರಿನಲ್ಲಿ ಸಹಿ ಹಾಕಿಯೇ ಹೊರಡಬೇಕು. ಸಭೆಯ ಕೆಲಸವನ್ನೂ ನಾನು ಹಾಗೆಯೇ ಒಪ್ಪಿಸಿದೆ. ಸ್ತ್ರೀಯರ ಕೂಟದ ಲೆಕ್ಕದ ಪುಸ್ತಕ, ಪಾಸ್‌ಬುಕ್, ರಸೀದಿ ಪುಸ್ತಕ, ಉಳಿದ ನಗದು ಎಲ್ಲವನ್ನೂ ಮೇಜಿನ ಮೇಲಿಟ್ಟು, ಹೊಸ ಖಜಾಂಚಿಯ ಎದುರು ಎಣಿಸಿ, ಇಬ್ಬರೂ ಸಹಿ ಹಾಕಿದೆವು. ಸಂಡೇ ಸ್ಕೂಲನ್ನು ಪಿಯುಸಿ ಮುಗಿಸಿದ ಇಬ್ಬರು ಹುಡುಗಿಯರು ವಹಿಸಿಕೊಂಡರು. ನನಗಿಂತ ಚೆನ್ನಾಗಿ ನಡೆಸುತ್ತಿದ್ದಾರೆ, ಮಕ್ಕಳಿಗೆ ಅವರೆಂದರೆ ಜಾಸ್ತಿ ಇಷ್ಟ.

ಆ ದಿನಗಳಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಬೈಬಲಿನ ವಿಮೋಚನಕಾಂಡದ 18ನೇ ಅಧ್ಯಾಯ. ಮೋಶೆ ಬೆಳಗಿನಿಂದ ಸಂಜೆವರೆಗೆ ಜನರ ನ್ಯಾಯ ತೀರಿಸುತ್ತ ಕೂತಿರುವುದನ್ನು ಮಾವ ಇತ್ರೋನ ನೋಡುತ್ತಾನೆ. ನೀನು ಮಾಡುವುದು ಸರಿಯಲ್ಲ, ಇದನ್ನು ಒಬ್ಬನೇ ಹೊರಲಾರೆ, ಕೆಲಸ ಹಂಚು ಅನ್ನುತ್ತಾನೆ. ಇಷ್ಟು ಎಲ್ಲರಿಗೂ ಗೊತ್ತು, ಅಯ್ಯನವರ ಪ್ರಸಂಗಗಳಲ್ಲಿ ಕೇಳಿರುತ್ತೇವೆ. ಅದೇ ಅಧ್ಯಾಯದ ಶುರುವಿನಲ್ಲಿ ಇನ್ನೊಂದು ವಿಷಯ ಇದೆ. ಇತ್ರೋನ ಬರುವಾಗ ಬರಿಗೈಯಲ್ಲಿ ಬಂದಿರಲಿಲ್ಲ. ಮೋಶೆ ತವರಿಗೆ ಕಳಿಸಿದ್ದ ಹೆಂಡತಿ ಚಿಪ್ಪೋರಳನ್ನೂ ಇಬ್ಬರು ಗಂಡುಮಕ್ಕಳನ್ನೂ ಕರೆದುಕೊಂಡು ಬಂದಿದ್ದ. ಮೊದಲು ಹೆಂಡತಿ ಮಕ್ಕಳನ್ನು ಎದುರಿಗೆ ನಿಲ್ಲಿಸಿದ, ಮಾರನೇ ದಿನ ಕೆಲಸ ಹಂಚು ಅಂದ. ಈ ಎರಡೂ ಒಂದೇ ಅಧ್ಯಾಯದಲ್ಲಿರುವುದು ಸುಮ್ನೆ ಅಲ್ಲ ಅಂತ ನನಗನ್ನಿಸುತ್ತದೆ. ದೇವರ ಕೆಲಸ ಅಂತಲೇ ಮನೆಯನ್ನು ಮರೆಯುವವರಿಗೆ ಈ ಅಧ್ಯಾಯ ಓದಿ ಹೇಳಬೇಕು.

ಆಮೇಲೆ ಭಾನುವಾರಗಳ ಪ್ರಶ್ನೆ. 2015ರ ಸೆಪ್ಟೆಂಬರಿನಿಂದ ಬ್ಯಾಂಕುಗಳಿಗೆ ಎರಡನೇ, ನಾಲ್ಕನೇ ಶನಿವಾರ ರಜೆ. ಉಳಿದ ಶನಿವಾರ ಪೂರ್ತಿ ದಿನ ಕೆಲಸ. ನನ್ನ ತಿಂಗಳನ್ನು ಈ ಒಂದು ನಿಯಮವೇ ಕಟ್ಟಿಕೊಟ್ಟಿತು. ರಜೆಯ ಶನಿವಾರ ಇದ್ದರೆ ಶುಕ್ರವಾರ ಸಂಜೆ ಗದಗದಿಂದ ಹುಬ್ಬಳ್ಳಿಗೆ ಬಂದು, ಅಲ್ಲಿಂದ ರಾತ್ರಿ ಬಸ್ಸು ಹಿಡಿದು ಮಂಗಳೂರಿಗೆ. ಭಾನುವಾರ ಎಲ್ಲರೂ ಕೂಡಿ ಆರಾಧನೆ, ರಾತ್ರಿ ವಾಪಸ್. ಉಳಿದ ವಾರ ಗದಗದಲ್ಲೇ ಇರುವುದು, ಅಲ್ಲಿನ ಸಭೆಗೇ ಹೋಗುವುದು. "ಈ ವಾರ ಬರ್ತೀಯಾ ಅಮ್ಮಾ?" ಅಂತ ಮಕ್ಕಳು ಕೇಳುವ ಅಗತ್ಯ ಇರಲಿಲ್ಲ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮಗನೇ ಸುತ್ತು ಹಾಕಿಟ್ಟಿದ್ದ. ಮಕ್ಕಳಿಗೆ ಅಮ್ಮ ದೂರ ಇರುವುದಕ್ಕಿಂತ, ಯಾವಾಗ ಬರುತ್ತಾಳೆ ಅಂತ ಗೊತ್ತಿಲ್ಲದಿರುವುದೇ ದೊಡ್ಡ ಕಷ್ಟ.

ಗದಗ ನನಗೆ ಪೂರ್ತಿ ಹೊಸ ಊರು. ಆದರೆ ಗದಗಕ್ಕೆ ಅಂಟಿಕೊಂಡಿರುವ ಬೆಟಗೇರಿಯ ಸಭೆ ಹೊಸದು ಅನ್ನಿಸಲಿಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆ ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ. ನಮ್ಮ ಕಡೆ ಹೆಂಚಿನ ಕಾರ್ಖಾನೆ, ಪ್ರೆಸ್ಸು. ಬೆಟಗೇರಿ ನೇಕಾರರ ಊರು. ಆದರೂ ಬೇರು ಒಂದೇ. ಮಂಗಳೂರಿನ ನಮ್ಮ ಮನೆಯಲ್ಲಿ ಮಾತು ತುಳು, ಪ್ರಾರ್ಥನೆ ಕನ್ನಡ. ಮೊದಲ ಭಾನುವಾರ ಬೆಟಗೇರಿಯಲ್ಲಿ ಹಾರ್ಮೋನಿಯಂ ಶುರುವಾದಾಗ ರಾಗ ನನಗೆ ಚಿಕ್ಕಂದಿನಿಂದ ಬಾಯಿಪಾಠ ಇದ್ದದ್ದೇ. ಪುಸ್ತಕ ನೋಡದೆ ಹಾಡಿದೆ. ಪಕ್ಕದಲ್ಲಿ ಕೂತ ಅಮ್ಮನೊಬ್ಬರು ನನ್ನ ಕಡೆ ತಿರುಗಿ, "ಯಾವೂರವರ್ರೀ ನೀವು?" ಅಂದರು. ಆರಾಧನೆ ಮುಗಿದ ಮೇಲೆ ಅವರ ಮನೆಯಲ್ಲೇ ಊಟ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ.

ಅಲ್ಲಿನ ಅಯ್ಯನವರಿಗೆ ಮೊದಲ ದಿನವೇ ನನ್ನ ಪರಿಸ್ಥಿತಿ ಹೇಳಿದೆ. ತಿಂಗಳಲ್ಲಿ ಅರ್ಧ ಭಾನುವಾರ ಇಲ್ಲಿರುತ್ತೇನೆ, ಅರ್ಧ ಊರಿಗೆ ಹೋಗುತ್ತೇನೆ, ಯಾವ ಕಮಿಟಿಗೂ ಬೇಡ ಅಂದೆ. ಅವರು ಹೇಳಿದ್ದು ಇಷ್ಟೇ: "ನೀವೇನೂ ಮಾಡಬ್ಯಾಡ್ರಿ ಮೇಡಮ್ಮಾರ. ಬಂದ ಕುಂದರ್ರಿ, ಸಾಕು." ಎಷ್ಟೋ ವರ್ಷದಿಂದ ಆರಾಧನೆಯ ನಡುವೆ ನನ್ನ ತಲೆಯಲ್ಲಿ ಒಂದಲ್ಲ ಒಂದು ಓಡುತ್ತಿತ್ತು. ಮಕ್ಕಳ ಹಾಡು ತಯಾರಾಯಿತಾ, ಟೀಗೆ ಹಾಲು ಬಂತಾ, ಚೀಟಿಯ ಲೆಕ್ಕ ಸರಿ ಇದೆಯಾ ಅಂತ. ಬೆಟಗೇರಿಯ ಬೆಂಚಿನಲ್ಲಿ ಕೂತು ನಾನು ಪ್ರಸಂಗ ಪೂರ್ತಿ ಕೇಳಿದೆ. ಕೆಲಸ ಹೆಚ್ಚಾದ ಆ ವರ್ಷದಲ್ಲೇ ನನ್ನ ನಂಬಿಕೆಗೆ ಉಸಿರಾಡಲು ಜಾಗ ಸಿಕ್ಕಿತು.

ವಾರದ ದಿನಗಳಲ್ಲಿ ಮನೆ ಪ್ರಾರ್ಥನೆ ಫೋನಿನಲ್ಲಿ ನಡೆಯುತ್ತಿತ್ತು. ರಾತ್ರಿ ಒಂಬತ್ತಕ್ಕೆ ವಾಟ್ಸಾಪ್ ವಿಡಿಯೋ ಕಾಲ್. ಮೊದಲು ಮನೆಯಲ್ಲಿ ಅರ್ಧ ಗಂಟೆ ನಡೆಯುತ್ತಿದ್ದ ಪ್ರಾರ್ಥನೆಯನ್ನು ಹತ್ತು ನಿಮಿಷಕ್ಕೆ ಇಳಿಸಿದೆವು. ಬೈಬಲಿನ ಒಂದು ಕೀರ್ತನೆಯ ನಾಲ್ಕು ವಚನ, ಮಾಮಿಯ ಒಂದು ಪ್ರಾರ್ಥನೆ, ಮಕ್ಕಳದು ಒಂದೊಂದು ಸಾಲು. ಚಿಕ್ಕದು ಮಾಡಿದ್ದಕ್ಕೇ ಅದು ತಪ್ಪದೆ ನಡೆಯಿತು. ನೆಟ್‌ವರ್ಕ್ ಸರಿ ಇಲ್ಲದ ದಿನ ಬರೀ ಮಾತಿನ ಕಾಲ್. ನನಗೆ ಕ್ಯಾಶ್ ಜವಾಬ್ದಾರಿ ಬಂದ ಮೇಲೆ ಎಷ್ಟೋ ಸಂಜೆ ಲೆಕ್ಕ ಮುಗಿಯುವುದು ತಡವಾಗುತ್ತಿತ್ತು. ಅದನ್ನು ಕೇಳಿಸಿಕೊಂಡಿದ್ದ ಮಗ ಒಂದು ರಾತ್ರಿ, "ದೇವರೇ, ನಾಳೆ ಅಮ್ಮನ ಕ್ಯಾಶ್ ಟ್ಯಾಲಿ ಆಗಲಿ" ಅಂತ ಪ್ರಾರ್ಥಿಸಿದ. ನನ್ನ ಕೆಲಸ ಅವನ ಪ್ರಾರ್ಥನೆಯೊಳಗೆ ಬಂದಿತ್ತು. ಧರ್ಮೋಪದೇಶಕಾಂಡದ 6ನೇ ಅಧ್ಯಾಯದಲ್ಲಿ ದೇವರ ಮಾತುಗಳನ್ನು ಮಕ್ಕಳೊಂದಿಗೆ ಆಡಿ ಅಂತ ಇದೆ. ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ. ಗುಡಿಯಲ್ಲಿ (ಚರ್ಚನ್ನು ನಾವು ಗುಡಿ ಅನ್ನುತ್ತೇವೆ) ಅಂತ ಅಲ್ಲಿ ಹೇಳಿಲ್ಲ, ನೋಡಿ. ಈ ನಾಲ್ಕೂ ಹೊತ್ತು ನನಗೆ ಗದಗದಲ್ಲೂ ಇತ್ತು.

ದುಡ್ಡಿನ ವಿಷಯವೂ ಹೇಳಬೇಕು. ಎರಡು ಮನೆ, ಎರಡು ಗ್ಯಾಸು, ಬಸ್ ಚಾರ್ಜು. ದಶಮಾಂಶ, ಅಂದರೆ ಸಂಪಾದನೆಯ ಹತ್ತನೇ ಒಂದು ಪಾಲನ್ನು ಸಭೆಗೆ ಕೊಡುವುದು, ನಿಲ್ಲಿಸಲಿಲ್ಲ. ಅದನ್ನು ಎರಡು ಸಭೆಗಳಿಗೆ ಹಂಚಿದೆವು. ಹೊಸ ಫ್ರಿಜ್ ಮುಂದಕ್ಕೆ ಹೋಯಿತು, ಅಷ್ಟೇ.

ಇವರ ಬಗ್ಗೆ ಹೇಳದಿದ್ದರೆ ಈ ಬರಹ ಅರ್ಧವಾಗುತ್ತದೆ. ಹೋಗುವ ಮುಂಚೆ ಇಬ್ಬರೂ ಕೂತು ಒಂದು ಮಾತು ಮಾಡಿಕೊಂಡಿದ್ದೆವು. ಮನೆಯ ವಿಷಯದಲ್ಲಿ ಇವರು ತೆಗೆದುಕೊಂಡ ತೀರ್ಮಾನವನ್ನು ನಾನು ಫೋನಿನಲ್ಲಿ ಬದಲಿಸುವುದಿಲ್ಲ ಅಂತ. ಮಗಳ ಟ್ಯೂಷನ್, ಮಾಮಿಯ ಡಾಕ್ಟರು, ಮಗನ ಟಿಫಿನ್ ಡಬ್ಬಿ, ಎಲ್ಲ ಇವರದೇ. ದೂರದಿಂದ ಮನೆ ನಡೆಸಲು ಹೋಗುವ ಹೆಂಗಸರನ್ನು ನೋಡಿದ್ದೇನೆ. ಅವರಿಗೆ ಕೆಲಸದ ಊರಿನಲ್ಲೂ ನೆಮ್ಮದಿಯಿಲ್ಲ, ಮನೆಯಲ್ಲಿರುವ ಗಂಡನಿಗೂ ಜವಾಬ್ದಾರಿ ಬರುವುದಿಲ್ಲ.

ನಮ್ಮ ಹೊಂದಾಣಿಕೆಗೆಲ್ಲ ಪರೀಕ್ಷೆ ಬಂದದ್ದು 2024ರ ಮಾರ್ಚ್‌ನಲ್ಲಿ. ಬ್ಯಾಂಕಿನವರಿಗೆ ಮಾರ್ಚ್ ಅಂದರೆ ಕ್ಲೋಸಿಂಗ್, ವರ್ಷದ ಲೆಕ್ಕ ಮುಗಿಸುವ ತಿಂಗಳು. ಸಾಲ ವಸೂಲಿ, ಖಜಾನೆ ಚಲನ್, ಟ್ಯಾಕ್ಸು ಎಲ್ಲ 31ರ ಒಳಗೆ ಮುಗಿಯಬೇಕು. ಆ ವರ್ಷ ಮಾರ್ಚ್ 24 ಗರಿಗಳ ಭಾನುವಾರ (ಪಾಮ್ ಸಂಡೇ). 25ಕ್ಕೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಶುರು. 29 ಶುಭ ಶುಕ್ರವಾರ (ಗುಡ್ ಫ್ರೈಡೇ). 31ಕ್ಕೆ ಸರಿಯಾಗಿ ಈಸ್ಟರ್. ಏಪ್ರಿಲ್ 2ಕ್ಕೆ ಗಣಿತ. ಮಗಳಿಗೆ ಕಷ್ಟದ ವಿಷಯವೇ ಅದು.

ಪರೀಕ್ಷೆಯ ಟೈಮ್‌ಟೇಬಲ್ ಬಂದ ದಿನವೇ ಮ್ಯಾನೇಜರ ಕ್ಯಾಬಿನ್‌ಗೆ ಹೋದೆ. "ಸರ್, ನನಗೆ ಎರಡೇ ಬೇಕು. ಈಸ್ಟರ್ ದಿನ ಮುಂಜಾನೆಯ ಆರಾಧನೆ ಬೇಕು, ಏಪ್ರಿಲ್ 2 ರಜೆ ಬೇಕು. ಉಳಿದ ಯಾವ ದಿನ ಎಷ್ಟೊತ್ತಿನ ತನಕ ಇರು ಅಂದರೂ ಇರುತ್ತೇನೆ" ಅಂದೆ. ಅವರು ಡೈರಿಯಲ್ಲಿ ಬರೆದುಕೊಂಡರು. ಮಾರ್ಚ್ ಮೂರನೇ ವಾರದಲ್ಲಿ ರಿಸರ್ವ್ ಬ್ಯಾಂಕಿನ ಸೂಚನೆ ಬಂತು. ಸರ್ಕಾರಿ ವ್ಯವಹಾರ ಮಾಡುವ ಶಾಖೆಗಳು 31ರ ಭಾನುವಾರವೂ ತೆರೆದಿರಬೇಕು. ನಮ್ಮದೂ ಅಂಥ ಶಾಖೆ. ಬ್ರಾಂಚಿನಲ್ಲಿ ಎಲ್ಲರೂ ರಜೆಯ ಬಗ್ಗೆ ಮಾತಾಡತೊಡಗಿದರು. ಮ್ಯಾನೇಜರು ನನ್ನ ಕಡೆ ನೋಡಿ, "ನಿಮ್ದು ಆಗ್ಲೇ ಬರ್ಕೊಂಡೇನ್ರಿ. ಪ್ರಾರ್ಥನಾ ಮುಗಿಸ್ಕೊಂಡ ಬರ್ರಿ" ಅಂದರು. ನಂಬಿಕೆಗೆ ಬೇಕಾದ ಹೊತ್ತನ್ನು ಮುಜುಗರ ಇಲ್ಲದೆ, ಮುಂಚೆಯೇ, ಒಂದೇ ಮಾತಿನಲ್ಲಿ ಕೇಳಬೇಕು. ಕೊನೆಯ ಗಳಿಗೆಯಲ್ಲಿ ಕೇಳಿದರೆ ಅದು ಬೇರೆಯವರ ಮೇಲೆ ಹೊರೆಯಾಗುತ್ತದೆ. ನಮ್ಮ ಮ್ಯಾನೇಜರು ಬೇರೆ ಧರ್ಮದವರು. ಅವರ ಮನೆಯ ಹಬ್ಬಗಳ ಹಿಂದುಮುಂದಿನ ದಿನ ನಾನು ಅವರ ಕೆಲಸಕ್ಕೆ ಹೆಗಲು ಕೊಟ್ಟಿದ್ದೇನೆ. ಅದನ್ನು ಅವರು ಮರೆತಿರಲಿಲ್ಲ.

ಗುರುವಾರ ರಾತ್ರಿ ಬಸ್ಸಿಗೆ ಹೊರಟು ಶುಭ ಶುಕ್ರವಾರ ಮನೆಯಲ್ಲಿದ್ದೆ. ಹನ್ನೆರಡರಿಂದ ಮೂರರ ತನಕ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಆರಾಧನೆ. ಮಾರನೇ ದಿನ ಮಗಳಿಗೆ ವಿಜ್ಞಾನ ಪರೀಕ್ಷೆ. ಅವಳು ಬರಬೇಕೋ ಬೇಡವೋ ಅಂತ ಮನೆಯಲ್ಲಿ ಮಾತು ಎದ್ದಿತು. "ವರ್ಷಕ್ಕೊಂದು ಶುಭ ಶುಕ್ರವಾರ. ಮೂರು ಗಂಟೆ ಕೂತ್ರೆ ಪರೀಕ್ಷೆ ಹಾಳಾಗ್ತದಾ?" ಅಂದರು ಮಾಮಿ. ಮಗಳು ಏನೂ ಅನ್ನದೆ ನನ್ನ ಮುಖ ನೋಡಿದಳು. ನಾನು ಇವರ ಕಡೆ ನೋಡಿದೆ, ತೀರ್ಮಾನ ಇವರದು ಅಂತ ಮಾತಾಗಿತ್ತಲ್ಲ. ಇವರು ಮಗಳಿಗೆ, "ನೀನು ಮನೆಯಲ್ಲಿ ಓದು. ಬರಬೇಕು ಅನ್ನಿಸಿದರೆ ಕೊನೆಯ ಹೊತ್ತಿಗೆ ಬಾ" ಅಂದರು. ಎರಡೂಕಾಲಿಗೆ ಅವಳು ಸ್ಕೂಲ್ ಬ್ಯಾಗಿನ ಸಮೇತ ಬಂದು ಅಜ್ಜಿಯ ಪಕ್ಕ ಕೂತಳು. ಮಾಮಿ ಒಂದು ಮಾತೂ ಆಡದೆ ತಮ್ಮ ಹಾಡಿನ ಪುಸ್ತಕವನ್ನು ಅವಳ ಕಡೆ ಸರಿಸಿದರು. ಎಳೆದುಕೊಂಡು ಹೋಗಿದ್ದರೆ ಅವಳು ಮೂರು ಗಂಟೆಯೂ ಬೆಳಕಿನ ವಕ್ರೀಭವನವನ್ನೇ ನೆನೆಯುತ್ತಿದ್ದಳು. ಮಕ್ಕಳ ನಂಬಿಕೆ ಅವರದಾಗಿ ಬೆಳೆಯಬೇಕಾದರೆ ಬಾಗಿಲು ತೆರೆದಿಟ್ಟು ಕಾಯಬೇಕು. ಇದರಲ್ಲಿ ನನಗೆ ಸಂಶಯ ಇಲ್ಲ.

ಅದೇ ರಾತ್ರಿ ವಾಪಸ್ ಬಸ್ಸು. ಶನಿವಾರ ಪೂರ್ತಿ ಬ್ರಾಂಚು. ಭಾನುವಾರ ಇನ್ನೂ ಕತ್ತಲಿರುವಾಗ ಬೆಟಗೇರಿಯಲ್ಲಿ ಈಸ್ಟರ್ ಆರಾಧನೆ, ರೊಟ್ಟಿ-ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನ. ಮಂಗಳೂರಿನಲ್ಲಿ ಮನೆಯವರೂ ಅದೇ ಹೊತ್ತಿಗೆ ಗುಡಿಯಲ್ಲಿದ್ದರು. ಬೆಳಗ್ಗೆ ಬ್ರಾಂಚಿಗೆ ಬಂದಾಗ ಕ್ಯಾಶಿಯರ್ ಎದ್ದು ಬಂದು ಕೈಕುಲುಕಿ ಹಬ್ಬದ ಶುಭಾಶಯ ಹೇಳಿದರು. ರಾತ್ರಿ ತಡವಾಗಿ ಕ್ಲೋಸಿಂಗ್ ಮುಗಿಯಿತು. ಒಂದನೇ ತಾರೀಕು ಗ್ರಾಹಕರಿಗೆ ಬ್ಯಾಂಕ್ ಇಲ್ಲ, ನಮಗೆ ಒಳಗಿನ ಕೆಲಸ. ಸಂಜೆ ನನ್ನ ಕೀಲಿ ಒಪ್ಪಿಸಿ, ಸಹಿ ಹಾಕಿ, ಹುಬ್ಬಳ್ಳಿಗೆ ಹೊರಟೆ.

ಎರಡರ ಬೆಳಗ್ಗೆ ಮಗಳಿಗೆ ನೀರು ದೋಸೆ ಹೊಯ್ದು ಕೊಟ್ಟು, ಹಾಲ್ ಟಿಕೆಟ್ ನೋಡಿ, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ, ಪರೀಕ್ಷಾ ಕೇಂದ್ರದ ಗೇಟಿನ ತನಕ ಹೋದೆ. ಮಧ್ಯಾಹ್ನ ಮನೆಯಲ್ಲಿ ಕೋರಿ ರೊಟ್ಟಿ. ನಾನು ಬರಲಿ ಅಂತ ಮಾಮಿ ಈಸ್ಟರ್ ಊಟವನ್ನೇ ಮಂಗಳವಾರಕ್ಕೆ ಇಟ್ಟಿದ್ದರು.

ಈ ನಡುವೆ ಕೈಬಿಟ್ಟು ಹೋದದ್ದೂ ಇದೆ. ಬೆಳೆ ಹಬ್ಬಕ್ಕೆ ಹೋಗಲಾಗಲಿಲ್ಲ. ಎಷ್ಟೋ ಮದುವೆಗಳಿಗೆ ಇವರೊಬ್ಬರೇ ಹೋದರು. ಸಂಬಂಧಿಕರು ಕೆಲವರು "ದುಡ್ಡಿಗಾಗಿ ಮಕ್ಕಳನ್ನು ಬಿಟ್ಟು ಹೋದಳು" ಅಂದದ್ದು ಕಿವಿಗೂ ಬಿತ್ತು. ನೋವಾಯಿತು. ಆದರೆ ಬಡ್ತಿ ಒಪ್ಪಿಕೊಳ್ಳುವ ಮುಂಚೆ ನಾವು ನಾಲ್ವರೂ ಮಾಮಿಯೂ ಕೂತು ಪ್ರಾರ್ಥಿಸಿ ತೀರ್ಮಾನಿಸಿದ್ದೆವು. ಹಾಗಾಗಿ ಅವರಿಗೆ ಉತ್ತರ ಕೊಡಬೇಕು ಅಂತ ಅನ್ನಿಸಲಿಲ್ಲ.

2027ರಲ್ಲಿ ಶುಭ ಶುಕ್ರವಾರ ಮಾರ್ಚ್ 26ಕ್ಕೆ, ಈಸ್ಟರ್ 28ಕ್ಕೆ, ಕ್ಲೋಸಿಂಗ್ ಅದರ ಮುಂದಿನ ಬುಧವಾರ. ಅಷ್ಟು ಹೊತ್ತಿಗೆ ಹತ್ತನೇ ಕ್ಲಾಸಿನಲ್ಲಿ ಇರುವವನು ಮಗ. ನಾನು ಆಗ ಯಾವ ಊರಿನ ಬ್ರಾಂಚಿನಲ್ಲಿ ಇರುತ್ತೇನೋ ಗೊತ್ತಿಲ್ಲ. ಟೈಮ್‌ಟೇಬಲ್ ಬಂದ ದಿನವೇ ಅಲ್ಲಿನ ಮ್ಯಾನೇಜರನ್ನು ಕಾಣಬೇಕು.